ನಾಲಗೆ ತೆತ್ತ ಮತ್ಸ್ಯಕನ್ಯೆ

(ಕಾರ್ಮಿಕರ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣದ ಪಾಠ)

ಇಂದಿನ ಭಾಷಣದ ವಿಷಯವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಾಗ ಕೆಲವರು ಓದಿ ನಕ್ಕರೆಂದು ತಿಳಿಯಿತು. ತುಟ್ಟಿಭತ್ಯೆಯ ಮಾತು ಅರ್ಧಕ್ಕೆ ನಿಂತಿದೆ, ಅಂಗಡಿಕಾರರಿಗೆ ಬಾಡಿಗೆಯ ತಕರಾರು ತೀರಿಲ್ಲ, ಇವರಿಗೆ ಮತ್ಸ್ಯಕನ್ಯೆಯ ಕಥೆ ಬೇಕಾಯಿತೆ ಎಂದು ಒಬ್ಬರು ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಕಥೆಯನ್ನು ಬರೆದವನು ಯಾರ ಮಗ, ಯಾವ ಬೀದಿಯಲ್ಲಿ ಬೆಳೆದ, ಯಾರ ಮನೆಯ ಊಟದ ಮೇಜಿನ ಯಾವ ತುದಿಯಲ್ಲಿ ಕುಳಿತು ಉಂಡ ಎಂಬುದನ್ನು ಕೇಳಿದ ಮೇಲೆ, ಇದು ನಮಗೆ ಸಂಬಂಧಿಸಿದ್ದೊ ಅಲ್ಲವೊ ಎಂಬುದನ್ನು ತಾವೇ ತೀರ್ಮಾನಿಸಬೇಕೆಂದು ಕೋರುತ್ತೇವೆ.

ಕಥೆ ಡೆನ್ಮಾರ್ಕ್ ದೇಶದ್ದು. ಬರೆದವನು ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. 1805ರಲ್ಲಿ ಓಡೆನ್ಸ ಎಂಬ ಪಟ್ಟಣದಲ್ಲಿ ಹುಟ್ಟಿದ. ತಂದೆ ಚಪ್ಪಲಿ ಜೋಡು ಹೊಲಿಯುವವನು. ತಾಯಿ ಊರವರ ಬಟ್ಟೆ ಒಗೆಯುವವಳು. ನೆಪೋಲಿಯನ್ನನ ಯುದ್ಧದ ಕಾಲದಲ್ಲಿ ಒಬ್ಬ ಉಳ್ಳವನ ಬದಲಿಗೆ ಹಣ ಪಡೆದು ತಂದೆ ಸೈನ್ಯಕ್ಕೆ ಸೇರಿದ. ಉಳ್ಳವರ ಯುದ್ಧಕ್ಕೆ ಇಲ್ಲದವರು ಬದಲಿ ಹೋಗುವುದು ಅಂದಿನ ಆ ದೇಶದಲ್ಲಿ ಕಾಯಿದೆಬದ್ಧ ವ್ಯಾಪಾರವಾಗಿತ್ತು. ಮೈ ಮುರಿದುಕೊಂಡು ಹಿಂದಿರುಗಿದ ಅವನು 1816ರಲ್ಲಿ ಸತ್ತ. ತಾಯಿ ಕೊರೆಯುವ ನೀರಿನಲ್ಲಿ ಮೊಣಕಾಲುದ್ದ ನಿಂತು ಬಟ್ಟೆ ಜಾಲಿಸುವಾಗ ಚಳಿ ತಡೆಯಲು ಸಾರಾಯಿ ಕುಡಿಯುತ್ತಿದ್ದಳು. ಕುಡಿತ ಅವಳನ್ನೇ ಕುಡಿಯಿತು. 1833ರಲ್ಲಿ ದಿಕ್ಕಿಲ್ಲದವರ ಆಶ್ರಮದಲ್ಲಿ ಕಣ್ಣು ಮುಚ್ಚಿದಳು. ಮುಂದೆ ಮಗ ಇಂಥದೇ ಒಬ್ಬ ಅಗಸಗಿತ್ತಿಯ ಮೇಲೆ ಕಥೆ ಬರೆದ. ಊರಿನ ದೊಡ್ಡ ಮನುಷ್ಯರು ಅವಳನ್ನು ಕೆಲಸಕ್ಕೆ ಬಾರದವಳೆಂದು ಜರೆಯುತ್ತಾರೆ, ಅವಳ ಮಗ ಆ ಮಾತಿನ ನಿಜ ಹುಡುಕುತ್ತಾನೆ.

ತಂದೆ ಸತ್ತ ಬಳಿಕ ಹುಡುಗನನ್ನು ಬಟ್ಟೆಯ ಕಾರ್ಖಾನೆಗೆ ಕಳಿಸಿದರು. ಗಿರಣಿಯವರೆ, ಇನ್ನು ಹೇಳುವ ಸಂಗತಿಯನ್ನು ಕಿವಿಗೊಟ್ಟು ಕೇಳಬೇಕು. ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹುಡುಗನ ಕಂಠ ಬಹಳ ಇಂಪು, ಹೆಣ್ಣುಮಕ್ಕಳ ಹಾಗೆ ಏರುವ ದನಿ. ಕೆಲಸಗಾರರು ಅವನಿಂದ ಹಾಡಿಸಿದರು. ಹಾಡಿದಾಗ ಮಗ್ಗಗಳು ನಿಂತವು. ಅವನ ಪಾಲಿನ ಕೆಲಸವನ್ನು ಬೇರೆ ಹುಡುಗರಿಗೆ ವಹಿಸಿ ಇವನನ್ನು ಹಾಡಲು ಬಿಟ್ಟರು. ಅಲ್ಲಿಯ ತನಕ ಎಲ್ಲ ಚೆನ್ನ. ಒಂದು ದಿನ ಒಬ್ಬ ಎದ್ದು, ಇದು ಗಂಡಲ್ಲ, ಹೆಣ್ಣು ಎಂದ. ಹಿಡಿದರು. ಉಳಿದವರು ನಗುತ್ತ ಕೈಕಾಲು ಅದುಮಿದರು. ಹುಡುಗ ಚೀರಿ ಬಿಡಿಸಿಕೊಂಡು ಮನೆಗೆ ಓಡಿದ. ಇನ್ನೆಂದೂ ಅಲ್ಲಿಗೆ ಕಳಿಸುವುದಿಲ್ಲವೆಂದು ತಾಯಿ ಮಾತು ಕೊಟ್ಟಳು.

ಆ ಹುಡುಗನ ಕೈಕಾಲು ಹಿಡಿದವರು ಮಾಲೀಕರಲ್ಲ, ಮುಕದ್ದಮರಲ್ಲ. ಕೂಲಿಯವರು. ಅವನ ತಂದೆಯಂಥವರು. ಇಡೀ ದಿನ ಯಂತ್ರದ ಮುಂದೆ ಬಗ್ಗಿದ ಮನುಷ್ಯ ತನಗಿಂತ ಕೈಲಾಗದವನು ಸಿಕ್ಕಾಗ ಅವನ ಬೆನ್ನು ಬಗ್ಗಿಸಿ ತನ್ನ ಬೆನ್ನು ನೆಟ್ಟಗಾಯಿತೆಂದು ತಿಳಿಯುತ್ತಾನೆ. ಮಾಲೀಕನಿಗೆ ಇದರಿಂದ ಖರ್ಚೇನೂ ಇಲ್ಲ. ನಡಿಗೆ ಮೆತ್ತಗಿರುವ, ದನಿ ಸಣ್ಣಗಿರುವ ಹುಡುಗನನ್ನು ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಅದನ್ನು ಇಲ್ಲಿ ಉಚ್ಚರಿಸಬೇಕಿಲ್ಲ.

1819ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹುಡುಗ ರಾಜಧಾನಿ ಕೋಪನ್‌ಹೇಗನ್ನಿಗೆ ಹೋದ. ನಾಟಕಶಾಲೆ ಸೇರಬೇಕೆಂಬ ಹುಚ್ಚು. ಹಾಡಿನಿಂದ ಬದುಕುವೆನೆಂದು ಹೋದವನ ಕಂಠ ಬಹುಬೇಗ ಒಡೆಯಿತು. ಇದ್ದ ಒಂದೇ ಬಂಡವಾಳ ಹೋಯಿತು. ಕಡೆಗೆ ರಾಜನಾಟಕಶಾಲೆಯ ಆಡಳಿತದಲ್ಲಿದ್ದ ಯೋನಾಸ್ ಕೊಲಿನ್ ಎಂಬ ದೊಡ್ಡ ಅಧಿಕಾರಿ ಕರುಣೆ ತೋರಿ, 1822ರಲ್ಲಿ ಅರಸನ ನಿಧಿಯಿಂದ ಅವನ ಓದಿಗೆ ಹಣ ಕೊಡಿಸಿದ. ಹದಿನೇಳರ ಉದ್ದನೆಯ ಹುಡುಗ ಹನ್ನೊಂದು ಹನ್ನೆರಡರ ಮಕ್ಕಳ ಜೊತೆ ಬೆಂಚಿನ ಮೇಲೆ ಕುಳಿತು ವ್ಯಾಕರಣ ಕಲಿತ. ಕೊಲಿನ್ನರ ಮನೆಯೇ ಅವನಿಗೆ ಮನೆಯಾಯಿತು. ಮನೆಯೆಂದರೆ ಎಂಥ ಮನೆ? ವಾರಕ್ಕೊಮ್ಮೆ ಊಟಕ್ಕೆ ಕರೆಯುವ ಮನೆ, ಅಕ್ಷರತಪ್ಪು ತಿದ್ದುವ ಮನೆ, ಪ್ರೀತಿಸುವ ಮನೆ. ಆದರೆ ನೀನು ನಮ್ಮವನಲ್ಲ ಎಂಬುದನ್ನು ಬಾಯಿಬಿಟ್ಟು ಹೇಳದೆ ಕ್ಷಣಕ್ಷಣಕ್ಕೂ ನೆನಪಿಸುವ ಮನೆ. ವಿದ್ಯಾರ್ಥಿವೇತನದ ಮೇಲೆ ಓದಿದವರಿಗೆ, ವಾರಾನ್ನದ ಮೇಲೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯ ಮಗ ಎಡ್ವರ್ಡ್ ಕೊಲಿನ್. ಆಂಡರ್ಸನ್ನನಿಗಿಂತ ಮೂರು ವರ್ಷ ಚಿಕ್ಕವನು. ಕಾನೂನು ಓದಿದವನು, ಅಚ್ಚುಕಟ್ಟಿನವನು, ಮಾತು ಕಡಿಮೆ. ಆಂಡರ್ಸನ್ನನ ಹಸ್ತಪ್ರತಿಗಳನ್ನು ತಿದ್ದುವವನು ಅವನೇ, ಪ್ರಕಾಶಕರ ಲೆಕ್ಕ ನೋಡುವವನು ಅವನೇ. ಆಂಡರ್ಸನ್ ಅವನನ್ನು ಪ್ರೀತಿಸಿದ. ಸ್ನೇಹಿತನನ್ನು ಸ್ನೇಹಿತ ಪ್ರೀತಿಸುವ ಹಾಗಲ್ಲ. ಅದಕ್ಕಿಂತ ಆಳವಾಗಿ, ಮೈಮನಸ್ಸು ಸುಡುವ ಹಾಗೆ. ಕಾಗದಗಳು ಉಳಿದಿವೆ. ಒಂದರಲ್ಲಿ, ನಿಮ್ಮ ಮೇಲಿನ ನನ್ನ ಭಾವ ಒಬ್ಬ ಹೆಂಗಸಿನ ಭಾವದಂತೆ ಎಂಬ ಅರ್ಥದ ಮಾತಿದೆ. ಇಟಲಿಯ ಒಬ್ಬ ಚೆಲುವೆಗಾಗಿ ಹಂಬಲಿಸುವಂತೆ ನಿಮಗಾಗಿ ಹಂಬಲಿಸುತ್ತೇನೆ ಎಂಬ ಅರ್ಥದ ಮಾತೂ ಉಂಟು.

ಈಗ ಒಂದು ಸಣ್ಣ ಸಂಗತಿ. ನಮಗೆ ಇದೇ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಡೇನಿಷ್ ಭಾಷೆಯಲ್ಲಿಯೂ ನಮ್ಮ ಹಾಗೆಯೇ ಎರಡು ಮಾತುಂಟು: ಒಂದು ನೀನು, ಇನ್ನೊಂದು ನೀವು. ಅಲ್ಲಿ ಆಪ್ತರಾದವರು ಪರಸ್ಪರ ಒಪ್ಪಿ ‘ನೀವು’ ಬಿಟ್ಟು ‘ನೀನು’ ಹಿಡಿಯುತ್ತಿದ್ದರು. 1831ರಲ್ಲಿ ಜರ್ಮನಿಯ ಪ್ರವಾಸದಲ್ಲಿದ್ದ ಆಂಡರ್ಸನ್, ಎದುರಿಗೆ ಕೇಳಲು ಧೈರ್ಯ ಸಾಲದೆ, ಕಾಗದದಲ್ಲಿ ಎಡ್ವರ್ಡನನ್ನು ಕೇಳಿದ: ಇನ್ನು ಮೇಲೆ ನನ್ನನ್ನು ನೀನು ಎನ್ನಬಾರದೆ? ಎಡ್ವರ್ಡ್ ಮರುಟಪಾಲಿನಲ್ಲಿ ಆಗದೆಂದು ಬರೆದ. ಒರಟಾಗಿ ಬರೆಯಲಿಲ್ಲ, ಬಹಳ ಸಭ್ಯವಾಗಿ ಬರೆದ. ಕೆಲವರಿಗೆ ಕೆಲವು ವಸ್ತುಗಳೆಂದರೆ ಕಾರಣವಿಲ್ಲದ ಅಸಹ್ಯವಿರುತ್ತದೆ. ತನಗೆ ಗೊತ್ತಿರುವ ಒಬ್ಬ ಹೆಂಗಸಿಗೆ ಬೂದುಬಣ್ಣದ ಕಟ್ಟುಕಾಗದ ಕಂಡರೆ ವಾಂತಿ ಬರುತ್ತಿತ್ತು. ತನಗೂ ಈ ‘ನೀನು’ ಎಂಬುದರ ಬಗ್ಗೆ ಅಂಥದೇ ಏನೋ ಇದೆ ಎಂಬುದು ಅವನ ಉತ್ತರದ ಸಾರ.

ಕಟ್ಟುಕಾಗದ! ಕಿರಾಣಿ ಅಂಗಡಿಯ ಗೆಳೆಯರು ದಿನವೂ ಬೆಲ್ಲ ಬೇಳೆ ಕಟ್ಟಿಕೊಡುವಂಥ ಕಾಗದ. ಅಗಸಗಿತ್ತಿಯ ಮಗನ ಪ್ರೀತಿಗೆ ಅಧಿಕಾರಿಯ ಮಗನಿಗೆ ಹೊಳೆದ ಹೋಲಿಕೆ ಅದು. ಆಂಡರ್ಸನ್ ಇದನ್ನು ಮರೆಯಲಿಲ್ಲ. ಹದಿನಾರು ವರ್ಷ ಕಾದು, 1847ರಲ್ಲಿ ‘ನೆರಳು’ ಎಂಬ ಕಥೆ ಬರೆದ. ಅದರಲ್ಲಿ ಒಬ್ಬ ಪಂಡಿತನ ನೆರಳು ಅವನನ್ನು ಬಿಟ್ಟು ಹೋಗಿ ಶ್ರೀಮಂತನಾಗಿ ತಿರುಗಿ ಬರುತ್ತದೆ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದೆವಲ್ಲ, ಒಬ್ಬರನ್ನೊಬ್ಬರು ನೀನು ಎನ್ನೋಣವೆ ಎಂದು ಪಂಡಿತ ಕೇಳುತ್ತಾನೆ. ನೆರಳು ಅದೇ ಬೂದು ಕಾಗದದ ಉತ್ತರ ಕೊಡುತ್ತದೆ: ನೀವು ನನ್ನನ್ನು ನೀನು ಎಂದರೆ ನನಗೆ ಸಹಿಸದು, ಬೇಕಾದರೆ ನಾನು ನಿಮ್ಮನ್ನು ನೀನು ಎನ್ನುತ್ತೇನೆ! ಕೊನೆಗೆ ಪಂಡಿತನ ಪ್ರಾಣವೇ ಹೋಗುತ್ತದೆ. ಮಾಲೀಕ ಆಳನ್ನು ಏಕವಚನದಲ್ಲಿ ಕರೆದು, ಆಳು ಮಾಲೀಕನಿಗೆ ಬಹುವಚನ ಒಪ್ಪಿಸುವ ನಾಡಿನಲ್ಲಿ ಕುಳಿತು ಈ ಕಥೆ ಓದಿದವರಿಗೆ ವ್ಯಾಖ್ಯಾನ ಬೇಡ. ಏಕವಚನ ಇಬ್ಬರ ಬಾಯಲ್ಲೂ ಬಂದರೆ ಪ್ರೀತಿ; ಒಬ್ಬನ ಬಾಯಲ್ಲಿ ಮಾತ್ರ ಬಂದರೆ ಧಣಿತನ. ಎಡ್ವರ್ಡ್ ಮತ್ತು ಆಂಡರ್ಸನ್ ಬದುಕಿದಷ್ಟು ಕಾಲವೂ ಒಬ್ಬರಿಗೊಬ್ಬರು ‘ನೀವು’ ಆಗಿಯೇ ಉಳಿದರು.

1836ರಲ್ಲಿ ಎಡ್ವರ್ಡನ ಮದುವೆ ಹೆನ್ರಿಯೆಟ್ ಎಂಬ ಕನ್ಯೆಯೊಡನೆ ನಡೆಯಿತು. 1837ರ ಏಪ್ರಿಲಿನಲ್ಲಿ ‘ಪುಟ್ಟ ಮತ್ಸ್ಯಕನ್ಯೆ’ ಅಚ್ಚಾಗಿ ಹೊರಬಂತು.

ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ಸಿನಿಮಾ ನೋಡಿ ಗೊತ್ತೆಂದುಕೊಂಡವರಿಗೂ ಹೇಳುತ್ತೇವೆ, ಏಕೆಂದರೆ ಸಿನಿಮಾದ ಕಥೆ ಬೇರೆ. ಸಮುದ್ರರಾಜನಿಗೆ ಆರು ಮಂದಿ ಹೆಣ್ಣುಮಕ್ಕಳು. ಹದಿನೈದು ತುಂಬಿದ ಮೇಲೆಯೇ ನೀರಿನ ಮೇಲಕ್ಕೆ ಏರಿ ಮನುಷ್ಯರ ಲೋಕ ನೋಡಲು ಅಪ್ಪಣೆ. ಕಿರಿಯವಳ ಸರದಿ ಬಂದ ದಿನ ಅಜ್ಜಿ ಅವಳ ಬಾಲಕ್ಕೆ ಎಂಟು ದೊಡ್ಡ ಸಿಂಪಿಗಳನ್ನು ಕಚ್ಚಿಸುತ್ತಾಳೆ. ಅದು ರಾಜಮನೆತನದ ಗುರುತು. ನೋಯುತ್ತದೆ ಅಜ್ಜೀ ಎಂದರೆ, ದೊಡ್ಡಸ್ತಿಕೆ ಬೇಕಾದರೆ ನೋಯಲೇಬೇಕು ಎಂಬ ಉತ್ತರ. (ಕೊಲಿನ್ನರ ಮನೆಯ ಊಟದ ಮೇಜು ಇಲ್ಲಿಂದಲೇ ಕಾಣತೊಡಗುತ್ತದೆ.) ಮೇಲೆ ಬಂದವಳು ಹಡಗಿನ ಮೇಲೆ ಒಬ್ಬ ರಾಜಕುಮಾರನನ್ನು ಕಾಣುತ್ತಾಳೆ. ಬಿರುಗಾಳಿ ಎದ್ದು ಹಡಗು ಒಡೆಯುತ್ತದೆ. ಅವನನ್ನು ದಡಕ್ಕೆ ಸೇರಿಸಿ ಬಂಡೆಯ ಹಿಂದೆ ಅಡಗುತ್ತಾಳೆ. ಅವನು ಕಣ್ಣು ತೆರೆದಾಗ ಎದುರಿಗಿದ್ದವಳು ದಡದ ಮೇಲಿನ ಬೇರೊಬ್ಬ ಹುಡುಗಿ. ತನ್ನನ್ನು ಉಳಿಸಿದವಳು ಅವಳೇ ಎಂದು ಅವನು ನಂಬುತ್ತಾನೆ.

ಮನುಷ್ಯರ ಲೋಕಕ್ಕೆ ಹೋಗಲು ಬಾಲ ಬಿಟ್ಟು ಕಾಲು ಬೇಕು. ಇಲ್ಲಿ ಚೆಂದವೆನ್ನಿಸುವ ನಮ್ಮ ಬಾಲವನ್ನು ಅಲ್ಲಿಯವರು ಅಸಹ್ಯವೆನ್ನುತ್ತಾರೆ ಎಂದು ಅಜ್ಜಿ ಮೊದಲೇ ಹೇಳಿದ್ದಾಳೆ. ಹುಡುಗಿ ಸಮುದ್ರದ ಮಾಟಗಾತಿಯ ಬಳಿಗೆ ಹೋಗುತ್ತಾಳೆ. ಮಾಟಗಾತಿಯ ಶುಲ್ಕ ಅವಳ ದನಿ. ನಾಲಗೆಯನ್ನೇ ಕತ್ತರಿಸಿ ಕೊಡಬೇಕು. ಕಾಲು ಬರುತ್ತದೆ, ಆದರೆ ಇಡುವ ಒಂದೊಂದು ಹೆಜ್ಜೆಯೂ ಹರಿತವಾದ ಕತ್ತಿಯ ಮೇಲೆ ಇಟ್ಟಂತೆ. ರಾಜಕುಮಾರ ಬೇರೊಬ್ಬಳನ್ನು ಮದುವೆಯಾದರೆ ಮರುದಿನದ ನಸುಕಿಗೆ ಇವಳ ಎದೆಯೊಡೆದು ನೀರಿನ ನೊರೆಯಾಗಬೇಕು. ಇಷ್ಟಕ್ಕೂ ಒಪ್ಪುತ್ತಾಳೆ.

ಅರಮನೆಯಲ್ಲಿ ರಾಜಕುಮಾರ ಅವಳನ್ನು ಬಹಳ ಮೆಚ್ಚುತ್ತಾನೆ. ಎಂದೆಂದೂ ನನ್ನ ಬಳಿಯೇ ಇರು ಎನ್ನುತ್ತಾನೆ. ಅವನ ಕೋಣೆಯ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗಲು ಅಪ್ಪಣೆ ಸಿಗುತ್ತದೆ. ಬಾಗಿಲ ಹೊರಗೆ, ಗೆಳೆಯರೆ, ಒಳಗಲ್ಲ. ಕುದುರೆ ಸವಾರಿಗೆ ಜೊತೆಯಾಗಲೆಂದು ಅವಳಿಗೆ ಗಂಡು ಪರಿಚಾರಕನ ಉಡುಪನ್ನು ಹೊಲಿಸಿ ಕೊಡುತ್ತಾನೆ. ಈ ಒಂದು ಸಾಲನ್ನು ಜನ ಗಮನಿಸದೆ ದಾಟಿಬಿಡುತ್ತಾರೆ. ಪ್ರೀತಿಸುವ ಜೀವ ಗಂಡುಡುಗೆಯಲ್ಲಿ ರಾಜಕುಮಾರನ ಪಕ್ಕದಲ್ಲಿ ಕಾಡಿನಲ್ಲಿ ಸಾಗುತ್ತಿದೆ, ಬಾಯಲ್ಲಿ ನಾಲಗೆಯಿಲ್ಲ, ಕಾಲಿನಿಂದ ನೆತ್ತರು ಸೋರುತ್ತಿದೆ, ಅವನಿಗೆ ಏನೂ ತಿಳಿಯದು. ತನ್ನ ಹೃದಯವನ್ನು ಆಂಡರ್ಸನ್ ಮೀನಿನ ಬಾಲದೊಳಗೆ ಅಡಗಿಸಿದ್ದ. ಇಲ್ಲಿ ಒಂದು ಗಳಿಗೆ ಬಾಲವೂ ಇಲ್ಲ, ಹೆಣ್ಣುಡುಗೆಯೂ ಇಲ್ಲ.

ರಾಜಕುಮಾರ ಪಕ್ಕದ ರಾಜ್ಯದ ರಾಜಕುಮಾರಿಯನ್ನು ಮದುವೆಯಾಗುತ್ತಾನೆ. ಮದುವಣಗಿತ್ತಿಯ ಸೆರಗನ್ನು ಎತ್ತಿ ಹಿಡಿಯುವ ಕೆಲಸ ಇವಳದು. ಅಂದಿನ ರಾತ್ರಿ ಅಕ್ಕಂದಿರು ತಮ್ಮ ಕೂದಲನ್ನು ಮಾಟಗಾತಿಗೆ ತೆತ್ತು ಒಂದು ಚೂರಿ ತರುತ್ತಾರೆ. ಸೂರ್ಯ ಹುಟ್ಟುವ ಮೊದಲು ಅವನ ಎದೆಗೆ ಇರಿ, ಅವನ ನೆತ್ತರು ನಿನ್ನ ಕಾಲಿಗೆ ತಾಕಿದರೆ ಮತ್ತೆ ಬಾಲ ಬರುತ್ತದೆ, ಮನೆಗೆ ಬಾ ಎನ್ನುತ್ತಾರೆ. ಅವಳು ಪರದೆ ಸರಿಸಿ ನೋಡುತ್ತಾಳೆ. ಅವನು ನಿದ್ದೆಯಲ್ಲಿ ಹೆಂಡತಿಯ ಹೆಸರನ್ನು ಕನವರಿಸುತ್ತಾನೆ. ಚೂರಿಯನ್ನು ನೀರಿಗೆಸೆದು ತಾನೂ ಹಾರುತ್ತಾಳೆ.

ಇದೆಲ್ಲ ಇತ್ತೀಚಿನವರು ಹಳೆಯ ಕಥೆಗೆ ಹೊಲಿದ ತೇಪೆ, ಆ ಕಾಲದ ಗೆಳೆಯರು ಒಬ್ಬರಿಗೊಬ್ಬರು ಹಾಗೆಯೇ ಬರೆದುಕೊಳ್ಳುತ್ತಿದ್ದರು ಎಂದು ಹೇಳುವವರುಂಟು. ಆ ಕಾಲದ ಗೆಳೆತನದ ಭಾಷೆ ಬಿಸಿಯಾಗಿತ್ತು ಎಂಬುದು ನಿಜ. ಆಂಡರ್ಸನ್ ಹೆಂಗಸರನ್ನೂ ಪ್ರೀತಿಸಿದ. ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಅವರಲ್ಲಿ ಒಬ್ಬಳು. ಅವಳೂ ಅವನನ್ನು ಅಣ್ಣನೆಂದೇ ಕರೆದಳು. ಅವನು ಕೊನೆಯವರೆಗೂ ಮದುವೆಯಾಗಲಿಲ್ಲ. ಇಂದು ಬಳಸುವ ಹೆಸರುಗಳನ್ನು ಅವನ ಮೇಲೆ ಚೀಟಿಯಂತೆ ಅಂಟಿಸುವ ಆತುರ ನಮಗಿಲ್ಲ. ಸಲಿಂಗ ಪ್ರೇಮಕ್ಕೆ ಯೂರೋಪಿನಲ್ಲಿ ಈಗ ಬಳಕೆಯಲ್ಲಿರುವ ಶಬ್ದ ಮೊದಲು ಅಚ್ಚಾದದ್ದೇ 1869ರಲ್ಲಿ. ಆದರೆ ಸಾಕ್ಷಿ ಹೊರಗಿನವರದಲ್ಲ, ಎಡ್ವರ್ಡನದೇ. ಆಂಡರ್ಸನ್ ಸತ್ತ ಏಳು ವರ್ಷಗಳ ಮೇಲೆ, 1882ರಲ್ಲಿ, ಮುಪ್ಪಿನ ಎಡ್ವರ್ಡ್ ಒಂದು ಪುಸ್ತಕ ಅಚ್ಚು ಹಾಕಿಸಿದ. ಆ ಪ್ರೀತಿಗೆ ಪ್ರತಿಯಾಗಿ ನಡೆದುಕೊಳ್ಳುವುದು ತನ್ನಿಂದಾಗಲಿಲ್ಲ, ಅದರಿಂದ ಆಂಡರ್ಸನ್ ಬಹಳ ನೊಂದ ಎಂದು ಅದರಲ್ಲಿ ಒಪ್ಪಿದ್ದಾನೆ. ಎಡ್ವರ್ಡನನ್ನು ಖಳನಾಗಿಸುವುದು ನಮಗೆ ಒಪ್ಪಿಗೆಯಿಲ್ಲ. ಪ್ರೀತಿ ಕೇಳಿದವರಿಗೆಲ್ಲ ಕೊಡಬೇಕೆಂಬ ಕಟ್ಟಳೆಯಿಲ್ಲ. ಅವನು ಪ್ರೀತಿಯನ್ನು ನಿರಾಕರಿಸಿದ್ದು ಅವನ ಹಕ್ಕು. ‘ನೀನು’ ಎಂಬ ಮಾತನ್ನೂ ನಿರಾಕರಿಸಿದನಲ್ಲ, ಅಲ್ಲಿ ನಮ್ಮ ಜಗಳ.

ಆಂಡರ್ಸನ್ನನ ಮೇಲೂ ಒಂದು ಆಕ್ಷೇಪಣೆಯುಂಟು. ಕಥೆಯ ಕೊನೆಗೆ ಮತ್ಸ್ಯಕನ್ಯೆ ನೊರೆಯಾಗಿ ಮುಗಿಯುವುದಿಲ್ಲ. ಗಾಳಿಯ ಕುವರಿಯರ ಜೊತೆ ಸೇರುತ್ತಾಳೆ, ಮುನ್ನೂರು ವರ್ಷ ಒಳ್ಳೆಯ ಕೆಲಸ ಮಾಡಿದರೆ ಆತ್ಮ ದೊರೆಯುತ್ತದೆ. ಮಕ್ಕಳು ಒಳ್ಳೆಯವರಾಗಿದ್ದರೆ ಆ ಅವಧಿ ಕಡಿಮೆ, ತುಂಟರಾಗಿದ್ದರೆ ಹೆಚ್ಚು. ಈ ಕೊನೆಯ ಮಾತು ಶಾಲೆಯ ಮೇಷ್ಟರ ಬೆತ್ತದಂತಿದೆ. ಕಥೆಗೆ ಅದು ಬೇಕಿರಲಿಲ್ಲ. ಆದರೆ ಗಾಳಿಯ ಕುವರಿಯರನ್ನು ಏಕೆ ತಂದ ಎಂಬುದಕ್ಕೆ ಅವನು ಕೊಟ್ಟ ಕಾರಣ ಮಾತ್ರ ಕೇಳತಕ್ಕದ್ದು. ಅವನಿಗಿಂತ ಮೊದಲು, 1811ರಲ್ಲಿ, ಫುಕೆ ಎಂಬ ಜರ್ಮನ್ ಲೇಖಕ ‘ಉಂಡೀನೆ’ ಎಂಬ ಜಲಕನ್ಯೆಯ ಕಥೆ ಬರೆದಿದ್ದ. ಅಲ್ಲಿ ಮನುಷ್ಯನೊಬ್ಬ ಮದುವೆಯಾದರೆ ಜಲಕನ್ಯೆಗೆ ಆತ್ಮ ಬರುತ್ತದೆ. ನನ್ನ ಮತ್ಸ್ಯಕನ್ಯೆಯ ಆತ್ಮ ಇನ್ನೊಬ್ಬನ ಪ್ರೀತಿಯ ಮೇಲೆ ನಿಂತಿರಕೂಡದು, ಅವಳೇ ಗಳಿಸಿಕೊಳ್ಳಬೇಕು ಎಂಬ ಭಾವವನ್ನು ಆಂಡರ್ಸನ್ 1837ರ ಒಂದು ಕಾಗದದಲ್ಲಿ ಸ್ನೇಹಿತನಿಗೆ ಬರೆದ. ಒಡೆಯನ ಕೃಪೆಯಿಂದ ದೊರೆತ ಆತ್ಮ ಬೇಡ, ದುಡಿದು ಗಳಿಸಿದ್ದು ಬೇಕು! ಇದನ್ನು ಬರೆಯಲು ಅಗಸಗಿತ್ತಿಯ ಮಗನೇ ಬೇಕಾಯಿತು.

ಸಿನಿಮಾದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇವೆ. 1989ರ ಅಮೆರಿಕದ ಡಿಸ್ನಿ ಚಿತ್ರದಲ್ಲಿ ಮತ್ಸ್ಯಕನ್ಯೆಗೂ ರಾಜಕುಮಾರನಿಗೂ ಮದುವೆಯಾಗುತ್ತದೆ, ಎಲ್ಲ ಶುಭ. ಅದರ ಹಾಡುಗಳನ್ನು ಬರೆದವನು ಹೊವರ್ಡ್ ಆಶ್‌ಮನ್. ಅವನೂ ಗಂಡನ್ನು ಪ್ರೀತಿಸಿದ ಗಂಡು. 1991ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ, ಏಡ್ಸ್ ರೋಗದಿಂದ ಸತ್ತ. ದನಿ ಕಳೆದುಕೊಂಡು ಬೇರೊಂದು ಲೋಕಕ್ಕೆ ಹಂಬಲಿಸುವ ಜೀವದ ಹಾಡನ್ನು ಎರಡನೆಯ ಸಲ ಬರೆಯಲು ಬಂದವನೂ ಅಂಥವನೇ. ಅದೇ 1989ರಲ್ಲಿ, ಆಂಡರ್ಸನ್ನನ ಡೆನ್ಮಾರ್ಕ್, ಗಂಡು ಗಂಡಿನ, ಹೆಣ್ಣು ಹೆಣ್ಣಿನ ಸಂಗಾತವನ್ನು ಸರಕಾರಿ ದಫ್ತರದಲ್ಲಿ ನೋಂದಾಯಿಸುವ ಕಾನೂನನ್ನು ಜಗತ್ತಿನಲ್ಲಿ ಮೊಟ್ಟಮೊದಲು ತಂದಿತು.

ನಮ್ಮ ದೇಶದ ಲೆಕ್ಕ ಬೇರೆ. ಮತ್ಸ್ಯಕನ್ಯೆಯ ಕಥೆ ಹೊರಬಂದ ಅದೇ 1837ರಲ್ಲಿ ಮೆಕಾಲೆ ಸಾಹೇಬನ ಆಯೋಗ ಭಾರತದ ದಂಡಸಂಹಿತೆಯ ಕರಡನ್ನು ಸರಕಾರಕ್ಕೆ ಒಪ್ಪಿಸಿತು. ಕೊಲೆ, ಕಳವು, ಮಾನನಷ್ಟ, ಒಂದೊಂದಕ್ಕೂ ಪುಟಗಟ್ಟಲೆ ವಿವರಣೆ ಕೊಟ್ಟ ಆ ಮನುಷ್ಯ, ಇಂಥ ಸಂಬಂಧಗಳ ಕಲಮುಗಳಿಗೆ ಬಂದಾಗ ಮಾತ್ರ, ಈ ವಿಷಯದಲ್ಲಿ ಆದಷ್ಟು ಕಡಿಮೆ ಹೇಳುವುದೇ ಲೇಸು, ಚರ್ಚೆಗೆ ಎಡೆಯಾಗಬಾರದು ಎಂಬ ಅರ್ಥದ ಟಿಪ್ಪಣಿ ಬರೆದು ಸುಮ್ಮನಾದ. ಶಿಕ್ಷೆ ಉಂಟು, ಚರ್ಚೆ ಇಲ್ಲ. ಮಾಟಗಾತಿಯಾದರೂ ನಾಲಗೆಗೆ ಬದಲಾಗಿ ಕಾಲು ಕೊಟ್ಟಿದ್ದಳು! ಆ ಸಂಹಿತೆ 1860ರಲ್ಲಿ ಕಾಯಿದೆಯಾಗಿ 377ನೆಯ ಕಲಮಾಯಿತು. ಇಂಗ್ಲಿಷರು ಹೋದರು, ಕಲಮು ಉಳಿಯಿತು. ನಮ್ಮವರು ಅದನ್ನು ನಮ್ಮ ಸಂಸ್ಕೃತಿಯೆಂದೇ ನಂಬಿ ಅಪ್ಪಿಕೊಂಡರು. ದೆಹಲಿಯ ಹೈಕೋರ್ಟು 2009ರಲ್ಲಿ ಬಿಡಿಸಿತು, ಸುಪ್ರೀಂ ಕೋರ್ಟು 2013ರಲ್ಲಿ ಮತ್ತೆ ಬಿಗಿಯಿತು, 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದವರು ಒಪ್ಪಿ ಕೂಡಿದರೆ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಒಪ್ಪಲಿಲ್ಲ.

ನಮ್ಮ ಅಜ್ಜಿಯರ ಕಥೆಗಳಲ್ಲಿ ಹಾವು ಗಂಡನ ರೂಪ ತಾಳಿ ರಾತ್ರಿ ಮನೆಗೆ ಬರುತ್ತದೆ, ಯಾರೂ ಎದ್ದು ಧರ್ಮ ಕೆಟ್ಟಿತೆನ್ನುವುದಿಲ್ಲ. ಕಥೆಯ ಹಾವಿಗೆ ಕೊಟ್ಟ ಔದಾರ್ಯವನ್ನು ಪಕ್ಕದ ಮಗ್ಗದ ಹುಡುಗನಿಗೆ ಕೊಡಲು ನಮ್ಮವರೇ ಹಿಂದೆಗೆಯುತ್ತಾರೆ. ಸಂಘದ ಕೆಲವರು, ಇದು ಶ್ರೀಮಂತರ ಖಯಾಲಿ, ದುಡಿಯುವವರಲ್ಲಿ ಇಂಥದಿಲ್ಲ ಎಂದು ವಾದಿಸುತ್ತಾರೆ. ಚಮ್ಮಾರನ ಮಗ ಆಂಡರ್ಸನ್ ಇದಕ್ಕೆ ಉತ್ತರ. ಶ್ರೀಮಂತನಿಗೆ ಕದ ಹಾಕಿಕೊಳ್ಳಲು ಕೋಣೆಯಿರುತ್ತದೆ, ಬಾಯಿ ಮುಚ್ಚಿಸಲು ಹಣವಿರುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಹುಡುಗನಿಗೆ ಏನಿರುತ್ತದೆ? ಊರು ಬಿಡುವ ದಾರಿಯೊಂದೇ.

ಡಾಕ್ಟರ್ ಲೋಹಿಯಾ ಅವರು ಗಂಡು ಹೆಣ್ಣಿನ ಸಂಬಂಧದ ಬಗ್ಗೆ ಎರಡೇ ತಪ್ಪುಗಳನ್ನು ಹೆಸರಿಸಿದ್ದರು: ಬಲಾತ್ಕಾರ ಮತ್ತು ವಚನಭಂಗ. ಉಳಿದದ್ದರಲ್ಲಿ ಸಮಾಜ ಮೂಗು ತೂರಿಸಬೇಕಾಗಿಲ್ಲ ಎಂಬುದು ಅವರ ನಿಲುವು. ಅವರ ಸಪ್ತಕ್ರಾಂತಿಯಲ್ಲಿ ಖಾಸಗಿ ಬದುಕಿನ ಮೇಲೆ ನಡೆಯುವ ಅತಿಕ್ರಮಣದ ವಿರುದ್ಧವೂ ಒಂದು ಕ್ರಾಂತಿಯುಂಟು. ಅವರು ಹೇಳಿದ್ದು ಗಂಡು ಹೆಣ್ಣಿನ ಮಾತು, ಒಪ್ಪುತ್ತೇವೆ. ಆದರೆ ಅಳತೆಗೋಲು ಅಳತೆಗೋಲೇ. ಅದೇ ಗಜದಿಂದ ಒಬ್ಬ ಗಿರಾಕಿಗೆ ಅಳೆದು ಇನ್ನೊಬ್ಬನಿಗೆ ಮುರಿದು ಅಳೆಯುವ ಬಟ್ಟೆ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ? ಸಂಘದ ಸದಸ್ಯತ್ವದ ಚೀಟಿಯಲ್ಲಿ ಹೆಸರು, ಇಲಾಖೆ, ಚಂದಾ ಇಷ್ಟೇ ಬರೆಯುತ್ತೇವೆ. ಗೇಟಿನ ಬಳಿ ಹುಡುಗನೊಬ್ಬನನ್ನು ಹಿಡಿದು ನಕ್ಕವನು ನಮ್ಮ ಸದಸ್ಯನಾಗಿದ್ದರೆ, ಅವನನ್ನು ಕರೆಸಿ ವಿಚಾರಿಸುವುದು ಸಂಘದ ಕೆಲಸವೆಂದು ಮುಂದಿನ ಸಭೆಯಲ್ಲಿ ಗೊತ್ತುವಳಿ ತರುತ್ತೇವೆ. ವಿರೋಧಿಸುವವರು ಬಂದು ವಿರೋಧಿಸಲಿ, ಮಾತಾದರೂ ನಡೆಯಲಿ.

ಇನ್ನೊಂದು ಕೆಲಸದ ಮಾತು. 2024ರಲ್ಲಿ ಕೇಂದ್ರ ಸರಕಾರ ಎರಡು ಸೂಚನೆಗಳನ್ನು ಹೊರಡಿಸಿದೆ: ಇಂಥ ಜೊತೆಗಾರರು ಒಂದೇ ಮನೆಯವರೆಂದು ಪಡಿತರ ಚೀಟಿ ಪಡೆಯಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು ಒಬ್ಬರು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲ. ಕೌಂಟರಿನಲ್ಲಿ ಕುಳಿತವರಿಗೆ ಇದು ಗೊತ್ತಿಲ್ಲದಿರಬಹುದು. ಯಾರಿಗಾದರೂ ಬೇಕಾದರೆ ವಾಚನಾಲಯಕ್ಕೆ ಬಂದು ಅರ್ಜಿ ಬರೆಸಿಕೊಳ್ಳಬಹುದು. ಯಾರಿಗೆ, ಏಕೆ ಎಂದು ಇಲ್ಲಿ ಕೇಳುವುದಿಲ್ಲ.

ಆಂಡರ್ಸನ್ನನೂ ಇದೇ ರೀತಿ ಕಾಗದ ಪತ್ರ ಮಾಡಿಟ್ಟಿದ್ದ. 1875ರ ಆಗಸ್ಟ್ 4ರಂದು ಸತ್ತಾಗ ಅವನ ಆಸ್ತಿ ಉಯಿಲಿನ ಪ್ರಕಾರ ಎಡ್ವರ್ಡ್ ಕೊಲಿನ್ನನಿಗೆ ಸೇರಿತು. ಕೋಪನ್‌ಹೇಗನ್ನಿನ ಅಸಿಸ್ಟೆನ್ಸ್ ಸ್ಮಶಾನದಲ್ಲಿ ಅವನನ್ನು ಹೂಳಿದರು. ಎಡ್ವರ್ಡ್ 1886ರಲ್ಲಿ, ಹೆನ್ರಿಯೆಟ್ 1894ರಲ್ಲಿ ತೀರಿಕೊಂಡರು. ಇಬ್ಬರನ್ನೂ ಅವನ ಮಗ್ಗುಲಿಗೇ ಮಲಗಿಸಿದರು. ಮುಂದೆ ಕೊಲಿನ್ ಮನೆತನದವರು ಅವರಿಬ್ಬರ ಅವಶೇಷಗಳನ್ನು ಎತ್ತಿ ತಮ್ಮ ಮನೆತನದ ಜಾಗಕ್ಕೆ ಒಯ್ದರು. ಈಗ ಅಲ್ಲಿ ಆಂಡರ್ಸನ್ ಒಬ್ಬನೇ ಇದ್ದಾನೆ.